ಟಕ್ ಎನ್ನುವ ಶಬ್ದ

ಜೂನ್ 4

ಅಕ್ಕ,

ಮೊನ್ನೆ ಭಾನುವಾರ ನೀನು ಫೋನಿನಲ್ಲಿ ಕಾಲು ಗಂಟೆ ಮಾತಾಡಿದೆ. ಅದರಲ್ಲಿ ನನ್ನ ಕಿವಿಗೆ ಬಿದ್ದದ್ದು ನಾಲ್ಕೇ ಚೂರು: "ಹಾಲು", "ಅವನಿಗೇನು", "ಕೆಂ", "ಬಿಡಿ". ಚೂರುಗಳನ್ನು ಜೋಡಿಸಿ ಹೊಲಿಯುವುದು ನಿನ್ನ ಕಸುಬು, ನನ್ನದಲ್ಲ. ಮೂರು ದಿನ ತಲೆ ಕೆಡಿಸಿಕೊಂಡು ಕೊನೆಗೆ ಕಾಗದ ಪೆನ್ನು ಹಿಡಿದಿದ್ದೇನೆ.

ತಪ್ಪು ನನ್ನದೇ. ಆ ಫೋನಿನ ಅಂಗಡಿಯ ಹುಡುಗಿ "ಬೆಟ್ಟದ ತುದೀಲೂ ಸಿಗುತ್ತೆ ಸರ್" ಅಂದಳು, ನಾನು ಹಲ್ಲು ಕಿರಿದು ಸಹಿ ಹಾಕಿದೆ. ನಿನಗೊಂದು ಫೋನು, ನನಗೊಂದು ಫೋನು, ಎರಡಕ್ಕೂ ಸೇರಿ ಎರಡು ವರ್ಷದ ಕರಾರು. ನಡುವೆ ಬಿಟ್ಟರೆ ದಂಡ. ಆಸ್ಪತ್ರೆಯ ಆರು ಲಿಫ್ಟು ನೋಡಿಕೊಳ್ಳುವವನು ನಾನು, ಒಂದು ನಟ್ಟು ಕೊಳ್ಳಬೇಕಾದರೂ ಹಿಂದೆ ಮುಂದೆ ತಿರುಗಿಸಿ ನೋಡುತ್ತೇನೆ. ಕರಾರಿನ ಹಾಳೆಯನ್ನು ಮಾತ್ರ ತಿರುಗಿಸಿ ನೋಡಲಿಲ್ಲ. ಬೆಟ್ಟದ ತುದಿಯಲ್ಲಿ ಸಿಗುತ್ತದೋ ಏನೋ, ನಾನಿರುವುದು ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಪಕ್ಕ.

ಐದನೆಯ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಒಂದು ಕಿಟಕಿ ಇದೆ. ಅದರ ಎಡಗಡೆ ಗಾಜಿಗೆ ಹಣೆ ಒತ್ತಿ ನಿಂತರೆ ಸಿಗ್ನಲ್ ಎರಡು ಕಡ್ಡಿ ಬರುತ್ತದೆ. ಅಲುಗಾಡಿದರೆ ಒಂದು ಹೋಗುತ್ತದೆ. ಹೋದ ವಾರ ನಾನು ಹಾಗೆ ನಿಂತು ನಿನ್ನ ನಂಬರು ಒತ್ತುತ್ತಿದ್ದಾಗ ಒಬ್ಬ ನರ್ಸಮ್ಮ, ಯಾರೋ ರೋಗಿಯ ಕಡೆಯವನು ಅಳುತ್ತಿದ್ದಾನೆ ಅಂದುಕೊಂಡು ನೀರು ತಂದುಕೊಟ್ಟು ಬೆನ್ನು ಸವರಿ ಹೋದಳು.

ಅಷ್ಟು ಮಾಡಿದರೂ ನಿನ್ನ ದನಿ ಹರಿದ ಬಟ್ಟೆ ಎಳೆದ ಹಾಗೆ ಕೇಳಿಸುತ್ತದೆ. ಮೆಸೇಜ್ ಕಳಿಸಿದರೆ ಮೂರು ದಿನಕ್ಕೆ ಬರುತ್ತದೆ, ಅದೂ ಕನ್ನಡ ಅಕ್ಷರಗಳ ಬದಲು ಸಾಲಾಗಿ ಚೌಕದ ಡಬ್ಬಿಗಳು. ಕಾಗದವಾದರೆ ಆರು ದಿನ ತೆಗೆದುಕೊಂಡರೂ ಮಾತು ಇಡಿಯಾಗಿ ತಲುಪುತ್ತದೆ. ಆ ನಾಲ್ಕು ಚೂರು ಏನೆಂದು ಬರೆ. "ಕೆಂ" ಅಂದರೆ ಕೆಮ್ಮೋ?

ನಿನ್ನ ತಮ್ಮ

*

ಜೂನ್ 12

ಗೊಣಗಪ್ಪನಿಗೆ,

ನಿನ್ನ ಕಾಗದ ಓದಿ ನಕ್ಕು ನಕ್ಕು ಸೂಜಿ ಚುಚ್ಚಿಕೊಂಡೆ. ನಿನ್ನ ಒಗಟಿಗೆ ಉತ್ತರ ಬರೆದುಕೋ. ಆ ದಿನ ಹಾಲು ಒಡೆದಿತ್ತು. ಕೆಳಗಿನ ಕನ್ನಡಕದಂಗಡಿಯ ಯಜಮಾನರು "ನಿಮ್ಮ ತಮ್ಮ ಯಾವಾಗ ಬರ್ತಾನೆ" ಎಂದು ಕೇಳಿದ್ದರು. "ಅವನಿಗೇನು, ಓದಿಕೊಳ್ಳಲಿ ಬಿಡಿ" ಅಂದೆ ಅಂತ ನಿನಗೆ ಹೇಳುತ್ತಿದ್ದೆ. "ಕೆಂ" ಅಂದರೆ ಕೆಮ್ಮಲ್ಲ ಕಣೋ, ಕೆಂಪು. ಶಾಲೆಯವರು ಈ ವರ್ಷ ಹುಡುಗಿಯರ ಲಂಗಕ್ಕೆ ಕೆಂಪು ಅಂಚು ಕೇಳಿದ್ದಾರೆ, ಆ ಬಣ್ಣದ ನೂಲು ಎಲ್ಲೂ ಸಿಗುತ್ತಿಲ್ಲ.

ಆ ಟವರಿಗೂ ಪಕ್ಷಪಾತ ಇದ್ದ ಹಾಗಿದೆ. ನಿನ್ನ ದನಿ ನನಗೆ ಗಂಟೆ ಹೊಡೆದ ಹಾಗೆ ಕೇಳಿಸುತ್ತದೆ. ನಿನ್ನ ಹಿಂದೆ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವುದೂ ಕೇಳಿಸುತ್ತದೆ. ನನ್ನ ದನಿ ಮಾತ್ರ ದಾರಿಯಲ್ಲಿ ಹರಿದುಹೋಗುತ್ತದೆ, ಏನು ಮಾಡೋಣ. ಕಂಪನಿಯವರ ಜೊತೆ ಜಗಳ ಆಡುತ್ತ ಕೂರಬೇಡ. ನವೆಂಬರ್ ಹದಿನೈದರ ನಿನ್ನ ಪರೀಕ್ಷೆ ಕಣ್ಣು ಮುಚ್ಚಿ ಬಿಡುವುದರೊಳಗೆ ಬರುತ್ತದೆ. ಲಿಫ್ಟ್ ತಪಾಸಣೆಯ ಲೈಸೆನ್ಸು ಕೈಗೆ ಬಂದ ಮೇಲೆ ಯಾರ ಜೊತೆ ಬೇಕಾದರೂ ಜಗಳ ಆಡು, ನಾನೇ ಬಂದು ಸೆರಗು ಕಟ್ಟಿ ನಿಲ್ಲುತ್ತೇನೆ.

ಅಕ್ಕ

*

ಜೂನ್ 23

ಅಕ್ಕ,

ಜಗಳ ಆಡಬೇಡ ಅನ್ನುವ ನಿನ್ನ ಕಾಗದ ತಲುಪುವ ಮೊದಲೇ ಜಗಳ ಶುರುವಾಗಿತ್ತು. ಕಂಪನಿಗೆ ಫೋನು ಮಾಡಿದೆ. "ನಿಮ್ಮ ಕರೆ ನಮಗೆ ಅಮೂಲ್ಯ" ಎಂದು ಇಪ್ಪತ್ತೆರಡು ನಿಮಿಷ ಹಾಡು ಕೇಳಿಸಿದರು. ಆಮೇಲೆ ಬಂದವನಿಗೆ ನಾನು ಎಲ್ಲವನ್ನೂ ಹೇಳಿದೆ: ನನ್ನ ಮಾತು ಅಕ್ಕನಿಗೆ ಚೆನ್ನಾಗಿ ಕೇಳಿಸುತ್ತದೆ, ಅಕ್ಕನ ಮಾತು ನನಗೆ ಕೇಳಿಸುವುದಿಲ್ಲ, ದನಿ ಒಡಕು, ನಡುನಡುವೆ ಕೆಮ್ಮಿನಂಥ ಗೊರಗೊರ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ಅವನು, "ಫೋನ್ ಆಫ್ ಮಾಡಿ ಆನ್ ಮಾಡಿದ್ರಾ ಸರ್?" ಅಂದ. ಬರಹದಲ್ಲಿ ದೂರು ಕೊಟ್ಟೆ. ಅದಕ್ಕೆ ಬಂದ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಬಲವಾದ ಸಾಕ್ಷಿ ಇದ್ದರೆ ಕರಾರು ರದ್ದು ಮಾಡುವುದನ್ನು ಪರಿಶೀಲಿಸುತ್ತಾರಂತೆ.

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಜುಲೈ ಎರಡನೆಯ ವಾರ ರಜ ಹಾಕಿ ಬರುತ್ತೇನೆ. ನಿನ್ನ ಕೋಣೆಯಲ್ಲೇ ಕುಳಿತು ಸಿಗ್ನಲ್ ನೋಡುತ್ತೇನೆ, ನಿನ್ನ ಕೈಯ ಊಟ ಮಾಡುತ್ತೇನೆ. ಪರೀಕ್ಷೆಯ ತರಗತಿ ಒಂದು ವಾರ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ನಿಜ ಹೇಳಲಾ, ನನಗೆ ನಿನ್ನ ದನಿ ಸರಿಯಾಗಿ ಕೇಳದೆ ಮೂರು ತಿಂಗಳಾಯಿತು. ನೆಲಮಾಳಿಗೆಯಲ್ಲಿ ಪಂಪಿನ ಸದ್ದೊಂದೇ. ಯಾರಾದರೂ ಬೈಯಲಿ ಅನ್ನಿಸುತ್ತದೆ.

ತಮ್ಮ

*

ಜುಲೈ 1

ತಮ್ಮ,

ಬರಬೇಡ. ಸಿಟ್ಟು ಮಾಡಿಕೊಳ್ಳದೆ ಓದು. ಒಂದು ವಸತಿ ಶಾಲೆಯವರು ಐನೂರು ಜೊತೆ ಸಮವಸ್ತ್ರ ಕೊಟ್ಟಿದ್ದಾರೆ. ಅಲ್ಲೇ ಇದ್ದು ಹೊಲಿದುಕೊಡಬೇಕು. ಐದನೆಯ ತಾರೀಖು ಹೊರಟರೆ ಆಗಸ್ಟ್ ತನಕ ಬರುವುದಿಲ್ಲ. ಅಲ್ಲಿ ನೆಟ್‌ವರ್ಕ್ ಇಲ್ಲವಂತೆ, ಫೋನು ಮಾಡಬೇಡ.

ಇನ್ನೊಂದು ಮಾತು. ಮೊದಲನೆಯ ಸಲ ನೀನು ಪರೀಕ್ಷೆ ಬಿಟ್ಟದ್ದು ಅಪ್ಪ ಹೋದಾಗ. ಎರಡನೆಯ ಸಲ ಅಮ್ಮನ ಮಂಚದ ಪಕ್ಕ ಕೂತು ಬಿಟ್ಟೆ. ಹಾಲ್ ಟಿಕೆಟ್ಟನ್ನು ಮಡಚಿ ಅಮ್ಮನ ಔಷಧಿ ಅಳೆಯುವ ಮುಚ್ಚಳದ ಕೆಳಗೆ ಇಟ್ಟಿದ್ದೆ, ಅದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಈ ಸಲ ತಪ್ಪಿದರೆ ವಯಸ್ಸು ಮೀರಿತು, ಮತ್ತೆ ಕೂರಿಸುವುದಿಲ್ಲ. ನಲವತ್ತು ವರ್ಷದ ಗಂಡಸು ಜೀವಮಾನವಿಡೀ ಪಂಪಿನ ಪಕ್ಕ ಮಲಗುವುದನ್ನು ನಾನು ನೋಡಲಾರೆ. ಈ ಮನೆಯಲ್ಲಿ ಇನ್ನು ಯಾರ ಹೆಸರಿನಲ್ಲೂ ನೀನು ಆ ಪರೀಕ್ಷೆ ತಪ್ಪಿಸಬಾರದು. ನನ್ನಾಣೆ.

ಅಕ್ಕ

*

ಆಗಸ್ಟ್ 10

ಅಕ್ಕ,

ನಲವತ್ತು ದಿನ ಆಯಿತು, ಒಂದು ಸಾಲೂ ಇಲ್ಲ. ಐನೂರು ಜೊತೆ ಬಟ್ಟೆ ಹೊಲಿಯುವವಳಿಗೆ ಒಂದು ಕಾಗದ ಬರೆಯಲು ಪುರುಸೊತ್ತಿಲ್ಲವೇ?

ನಿನ್ನೆ ಭಾನುವಾರ ಹನ್ನೊಂದು ಗಂಟೆಗೆ ಸುಮ್ಮನೆ ನಿನ್ನ ನಂಬರು ಒತ್ತಿದೆ. ಅತ್ತ ಕಡೆ ಎತ್ತಿದ್ದು ಗೊತ್ತಾಯಿತು. ಕೆಳಗಿನ ರಸ್ತೆಯಲ್ಲಿ ಸೈಕಲ್ ಗಂಟೆ ಕೂಡ ಕೇಳಿಸಿತು. ಹಾಗಾದರೆ ನೀನು ಮನೆಗೆ ಬಂದಿದ್ದೀಯ. ಆದರೆ ನಿನ್ನ ಮಾತು ಒಂದು ಅಕ್ಷರವೂ ಬರಲಿಲ್ಲ. ಮೊದಲು ಒಡಕು ದನಿಯಾದರೂ ಬರುತ್ತಿತ್ತು, ಈಗ ಅದೂ ಇಲ್ಲ. ಅದರ ಬದಲು ಹೊಸದೊಂದು ರೋಗ ಶುರುವಾಗಿದೆ: ಟಕ್, ಟಕ್ ಎನ್ನುವ ಶಬ್ದ. ಹಲೋ ಹಲೋ ಎಂದು ಅರಚಿ ಅರಚಿ ಸಾಕಾಗಿ ಇಟ್ಟುಬಿಟ್ಟೆ. ಇವತ್ತು ಎರಡನೆಯ ದೂರು ಕೊಟ್ಟಿದ್ದೇನೆ. ವಿಷಯ: ಲೈನಿನಲ್ಲಿ ಟಕ್ ಎನ್ನುವ ಶಬ್ದದ ಬಗ್ಗೆ.

ನೀನು ಚೆನ್ನಾಗಿದ್ದೀಯ ತಾನೇ?

ತಮ್ಮ

*

ಆಗಸ್ಟ್ 19

ತಮ್ಮ,

ಇದನ್ನು ಅಂಚೆಗೆ ಹಾಕುವುದಿಲ್ಲ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಎಂದು ಬರೆಯುತ್ತಿದ್ದೇನೆ, ಬರೆದು ಮಷಿನ್ನಿನ ಡ್ರಾಯರಿನಲ್ಲಿ ಗುಂಡಿ ಡಬ್ಬಿಯ ಕೆಳಗೆ ಇಡುತ್ತೇನೆ.

ವಸತಿ ಶಾಲೆ ಇಲ್ಲ, ಐನೂರು ಜೊತೆ ಬಟ್ಟೆಯೂ ಇಲ್ಲ. ಜುಲೈ ಒಂಬತ್ತಕ್ಕೆ ನನ್ನ ಗಂಟಲು ಕೊಯ್ದರು. ಒಳಗೆ ಗಡ್ಡೆ ಇತ್ತು, ಕೆಟ್ಟ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಈಗ ಕತ್ತಿನಲ್ಲಿ ಒಂದು ತೂತಿದೆ, ಅದರಲ್ಲೇ ಉಸಿರು. ಅದರ ಮೇಲೆ ಕಟ್ಟಿಕೊಳ್ಳಲು ತೆಳು ಬಟ್ಟೆಯ ಪಟ್ಟಿಗಳನ್ನು ನಾನೇ ಹೊಲಿದುಕೊಂಡಿದ್ದೇನೆ, ಆರು ಬಣ್ಣದಲ್ಲಿ. ಕನ್ನಡಕದಂಗಡಿಯವರ ಹೆಂಡತಿ ಗಂಜಿ ತಂದುಕೊಡುತ್ತಾರೆ. ಒಂದು ಸ್ಲೇಟು ಇಟ್ಟುಕೊಂಡಿದ್ದೇನೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಬಂಗಾರ ಇಷ್ಟು ಭಾರ ಎಂದು ನನಗೆ ಗೊತ್ತಿರಲಿಲ್ಲ ಕಣೋ.

"ಕೆಂ" ಅಂದದ್ದು ಕೆಮ್ಮೇ. ಕೆಂಪು ನೂಲು ಬೀದಿಯ ಪ್ರತಿ ಅಂಗಡಿಯಲ್ಲೂ ಸಿಗುತ್ತದೆ. ಒಡಕು ದನಿಯೂ ನನ್ನದೇ, ಟವರಿನದಲ್ಲ. ನೀನು ಕಂಪನಿಯನ್ನು ಬೈದೆ, ನಾನು ಹೌದು ಹೌದು ಅಂದೆ. ಪಾಪ, ಅವರು ಮಾಡದ ತಪ್ಪಿಗೆ ನಿನ್ನ ಕೈಯಲ್ಲಿ ಬೈಸಿದ ಪಾಪ ನನಗಿರಲಿ. ನಿಜ ಹೇಳಿದರೆ ನೀನು ಆ ಕ್ಷಣವೇ ಹೊರಡುತ್ತೀಯ. ಹಾಲ್ ಟಿಕೆಟ್ಟು ಈ ಸಲ ನನ್ನ ಔಷಧಿಯ ಕೆಳಗೆ ಹೋಗುತ್ತದೆ.

ಆ ಭಾನುವಾರ ಫೋನು ಬಡಿದುಕೊಂಡಾಗ ಎತ್ತಬಾರದಿತ್ತು. ಎತ್ತಿದೆ. ನೀನು ಹನ್ನೊಂದು ಸಲ ಹಲೋ ಅಂದೆ. ಬಾಯಿ ತೆಗೆದೆ, ಕತ್ತಿನ ತೂತಿನಿಂದ ಗಾಳಿ ಬಂತು. ಕೈಯಲ್ಲಿ ಕತ್ತರಿ ಇತ್ತು, ಅದರ ಹಿಡಿಯಿಂದ ಮಷಿನ್ನಿನ ಹಲಗೆಗೆ ತಟ್ಟಿದೆ. ನಿನಗೆ ಏಳು ವರ್ಷವಿದ್ದಾಗ ಗಂಟಲಿನ ಗಂಟು ತೆಗೆದಿದ್ದರಲ್ಲ, ವಾರ ಬಾಯಿ ಬಿಡಬಾರದು ಅಂದಿದ್ದರು. ನಾನು ಗುಂಡಿ ಕಳೆದುಕೊಂಡ ಕೋಟಿನ ಕಥೆ ಹೇಳುತ್ತಿದ್ದೆ. ಹೂಂಗುಟ್ಟುವವರಿಲ್ಲದೆ ಕಥೆ ಹೇಳುವುದು ಹೇಗೆ? ಅದಕ್ಕೆ ನಿನ್ನ ಕೈಗೆ ಒಂದು ಚಮಚ ಕೊಟ್ಟೆ. ಹೂಂ ಅನ್ನಬೇಕಾದ ಕಡೆಯೆಲ್ಲ ನೀನು ಲೋಟಕ್ಕೆ ಟಕ್ ಎಂದು ತಟ್ಟುತ್ತಿದ್ದೆ. ಕೋಟು ಕಾಗೆಯ ಹತ್ತಿರ ಹೋಯಿತು, ಟಕ್. ಗುಂಡಿ ಅಲ್ಲಿರಲಿಲ್ಲ, ಟಕ್. ಟಕ್ ನಿಂತರೆ ನಿದ್ದೆ ಹೋದೆ ಎಂದು ನಾನೂ ನಿಲ್ಲಿಸುತ್ತಿದ್ದೆ. ಹೂಂ ನಿಂತ ಮೇಲೆ ಕಥೆ ಹೇಳಬಾರದು.

ನಿನಗೆ ಅದು ನೆನಪಾಗುತ್ತದೆ ಅಂದುಕೊಂಡಿದ್ದೆ. ನೀನು "ಥೂ, ದರಿದ್ರ ನೆಟ್‌ವರ್ಕ್" ಎಂದು ಇಟ್ಟುಬಿಟ್ಟೆ. ಒಳ್ಳೆಯದೇ ಆಯಿತು. ಆಮೇಲೆ ತುಂಬ ಹೊತ್ತು ಅತ್ತೆ. ಅಳುವುದಕ್ಕೂ ದನಿ ಬೇಕು ಎಂದು ಅವತ್ತು ತಿಳಿಯಿತು.

*

ಆಗಸ್ಟ್ 19

ಗೊಣಗಪ್ಪನಿಗೆ,

ಚೆನ್ನಾಗಿದ್ದೇನೆ. ಹೊಲಿದು ಹೊಲಿದು ಬೆರಳು ನೋವು, ಅದಕ್ಕೇ ಕಾಗದ ಬರೆಯಲಿಲ್ಲ. ನೆಟ್‌ವರ್ಕ್ ನೀನು ಹೇಳಿದ ಹಾಗೇ ಹಾಳಾಗಿದೆ. ಆದರೆ ಒಂದು ಮಾತು ಕೇಳು. ನನ್ನ ದನಿ ನಿನಗೆ ಕೇಳಿಸದಿದ್ದರೂ ನಿನ್ನದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಹಲೋ ಹಲೋ ಎಂದು ಇಟ್ಟುಬಿಡಬೇಡ. ಭಾನುವಾರ ಹನ್ನೊಂದಕ್ಕೆ ಫೋನು ಮಾಡಿ ನಿನ್ನ ಪಾಡಿಗೆ ನೀನು ಮಾತಾಡು. ಏನು ಓದಿದೆ, ಏನು ತಿಂದೆ, ಯಾವ ಲಿಫ್ಟು ಕೈ ಕೊಟ್ಟಿತು, ಯಾರ ಮೇಲೆ ಗೊಣಗಿದೆ, ಎಲ್ಲ ಹೇಳು. ನಾನು ಕೇಳಿಸಿಕೊಳ್ಳುತ್ತೇನೆ.

ಅಕ್ಕ

*

ಸೆಪ್ಟೆಂಬರ್ 8

ಅಕ್ಕ,

ನೀನು ಹೇಳಿದ ಹಾಗೆ ಎರಡು ಭಾನುವಾರ ಗಾಜಿಗೆ ಹಣೆ ಒತ್ತಿ ಒಬ್ಬನೇ ಮಾತಾಡಿದೆ. ಮೊದಮೊದಲು ಹುಚ್ಚನ ಹಾಗೆ ಅನ್ನಿಸಿತು, ಆಮೇಲೆ ರೂಢಿಯಾಯಿತು. ಮೂರನೆಯ ನಂಬರಿನ ಲಿಫ್ಟು ನಡುವೆ ನಿಂತು ಒಳಗಿದ್ದ ಮುದುಕಿಯೊಬ್ಬಳು ಬಾಗಿಲು ತೆಗೆಯುವ ತನಕ ನನಗೆ ತನ್ನ ಮೂವರು ಅಳಿಯಂದಿರ ಚರಿತ್ರೆ ಹೇಳಿದ್ದನ್ನು ಕೇಳಿ ನೀನು ನಕ್ಕಿರಬೇಕು. ನಕ್ಕದ್ದು ನನಗೆ ಕೇಳಿಸಲಿಲ್ಲ.

ಕೇಳಿಸಿದ್ದು ಟಕ್. ಅಕ್ಕ, ಆ ಶಬ್ದ ನನ್ನ ತಲೆ ತಿನ್ನುತ್ತಿದೆ. ಮೊದಲು ಆಗೊಮ್ಮೆ ಈಗೊಮ್ಮೆ ಅಂದುಕೊಂಡಿದ್ದೆ. ಅಲ್ಲ. ನಾನು ಒಂದು ಮಾತು ಮುಗಿಸಿ ಉಸಿರು ಎಳೆದುಕೊಳ್ಳುವಾಗಲೆಲ್ಲ ಸರಿಯಾಗಿ ಅದೇ ಹೊತ್ತಿಗೆ ಟಕ್. ಯಾವುದೋ ಸ್ವಿಚ್ಚು ಬಿದ್ದು ಏಳುತ್ತಿರಬೇಕು. ಇಂಥ ದೋಷ ಯಂತ್ರದಲ್ಲಿ ಬಂದರೆ ನಾನು ಅರ್ಧ ಗಂಟೆಯಲ್ಲಿ ಹಿಡಿಯುತ್ತಿದ್ದೆ. ಕಳೆದ ಭಾನುವಾರದ ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡಿದೆ. ನಾಲ್ಕು ನಿಮಿಷದಲ್ಲಿ ಮೂವತ್ತೊಂದು ಸಲ. ಮೂರು ಸಲ ಎಣಿಸಿದೆ. ಅದನ್ನು ಒಂದು ಕಾರ್ಡಿಗೆ ಹಾಕಿ ಸಾಕ್ಷಿಯೆಂದು ಕಂಪನಿಗೆ ಕಳಿಸಿದ್ದೇನೆ. ಅವರ ಟೆಕ್ನಿಷಿಯನ್ ನಿನ್ನ ಮನೆಗೆ ಬರುತ್ತಾನೆ. ಕಾಫಿ ಕೊಟ್ಟು ಮರುಳು ಮಾಡಬೇಡ, ಇದ್ದದ್ದನ್ನು ಇದ್ದ ಹಾಗೆ ಹೇಳು.

ಓದು ಚೆನ್ನಾಗಿ ಸಾಗಿದೆ. ಬ್ರೇಕಿನ ಅಧ್ಯಾಯ ಬಾಯಿಪಾಠವಾಗಿದೆ.

ತಮ್ಮ

*

ಸೆಪ್ಟೆಂಬರ್ 24

ಅಕ್ಕ,

ಟೆಕ್ನಿಷಿಯನ್ ವರದಿಯ ಪ್ರತಿ ಬಂತು. "ಗ್ರಾಹಕರ ಮನೆಯಲ್ಲಿ ಸಿಗ್ನಲ್ ಅತ್ಯುತ್ತಮ. ಫೋನಿನಲ್ಲಿ ದೋಷವಿಲ್ಲ. ಗ್ರಾಹಕರು ಮಾತನಾಡಲು ಇಷ್ಟಪಡಲಿಲ್ಲ."

ಕೊನೆಯ ಸಾಲನ್ನು ಹತ್ತು ಸಲ ಓದಿದೆ. ಅವನ ಹತ್ತಿರ ಮಾತಾಡದಿದ್ದರೆ ಹೋಗಲಿ. ಸಿಗ್ನಲ್ ಅತ್ಯುತ್ತಮ ಇರುವ ಮನೆಯಲ್ಲಿ ಕುಳಿತು ನನ್ನ ಹತ್ತಿರ ಯಾಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೀಯ? ನಾನು ಇಲ್ಲಿ ಐದು ಮಹಡಿ ಹತ್ತಿ ಗೋಡೆಯ ಹತ್ತಿರ ಮಾತಾಡಿದ ಹಾಗೆ ಮಾತಾಡಬೇಕು, ನೀನು ಅಲ್ಲಿ ಸುಮ್ಮನೆ ಕೂತಿರಬೇಕು. ಒಂದು ಮಾತಾಡಿದ್ದರೆ ಬಾಯಿಂದ ಮುತ್ತು ಉದುರುತ್ತಿತ್ತೇ?

ಅಮ್ಮನ ಬಳೆ ಮಾರಿದ್ದಕ್ಕೆ ಇನ್ನೂ ಸಿಟ್ಟೇ? ಹಾಗಿದ್ದರೆ ನೇರವಾಗಿ ಬೈದುಬಿಡು. ನನ್ನ ಅಕ್ಕ ಯಾವತ್ತೂ ಮಾತು ನುಂಗಿದವಳಲ್ಲ. ಈ ಭಾನುವಾರದಿಂದ ನಾನು ಫೋನು ಮಾಡುವುದಿಲ್ಲ.

*

ಅಕ್ಟೋಬರ್ 2

ತಮ್ಮ,

ಬಳೆಯ ಮೇಲೂ ಇಲ್ಲ, ನಿನ್ನ ಮೇಲೂ ಸಿಟ್ಟಿಲ್ಲ. ಟೆಕ್ನಿಷಿಯನ್ ಒಳ್ಳೆಯವನು, ಅವನನ್ನು ಬೈಯಬೇಡ. ನಿನ್ನ ಅಕ್ಕ ಸುಳ್ಳುಗಾತಿ ಅಂತಲೇ ಇಟ್ಟುಕೋ, ನವೆಂಬರ್ ಹದಿನೈದರ ತನಕ. ಆಮೇಲೆ ಲೆಕ್ಕ ಕೇಳು, ಕೊಡುತ್ತೇನೆ.

ಹೋದ ಭಾನುವಾರ ಹನ್ನೊಂದರಿಂದ ಒಂದು ಗಂಟೆಯ ತನಕ ಫೋನನ್ನು ಮಷಿನ್ನಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ನೀನು ಆಡಿದ ಮಾತು ಉಳಿಸಿಕೊಳ್ಳುವವನು, ಗೊತ್ತು. ಆದರೂ ಮಾಡಬಹುದಿತ್ತು.

ನಿನಗೆ ಚಿಕ್ಕಂದಿನಲ್ಲಿ ಗಂಟಲು ಕೊಯ್ದಾಗ ನಾನು ಹೇಳುತ್ತಿದ್ದ ಕಥೆ ನೆನಪಿದೆಯೇ?

ಅಕ್ಕ

*

ಅಕ್ಟೋಬರ್ 13

ಅಕ್ಕ,

ಗೆದ್ದೆ! ಕರಾರು ರದ್ದು. ದಂಡವೂ ಇಲ್ಲ. ವರದಿಯಲ್ಲಿ ಸಿಗ್ನಲ್ ಸರಿಯಿದೆ ಎಂದಿದ್ದರೂ ನಾನು ಕಳಿಸಿದ ರೆಕಾರ್ಡಿಂಗ್ ಕೇಳಿ ಮೇಲಿನವರು ಒಪ್ಪಿಕೊಂಡರಂತೆ. "ಲೈನಿನಲ್ಲಿ ಗುರುತಿಸಲಾಗದ ಪುನರಾವರ್ತಿತ ಶಬ್ದ ಇರುವುದು ದೃಢಪಟ್ಟಿದೆ" ಎಂದು ಮುದ್ರೆ ಒತ್ತಿ ಬರೆದುಕೊಟ್ಟಿದ್ದಾರೆ. ಹದಿಮೂರು ದೂರು ಕೊಟ್ಟೆ ಅಕ್ಕ, ಒಂದಲ್ಲ ಎರಡಲ್ಲ. ಈ ಕಾಗದವನ್ನು ಕಟ್ಟು ಹಾಕಿಸಿ ಗೋಡೆಗೆ ಹಾಕಬೇಕು ಅನ್ನಿಸುತ್ತಿದೆ. ಇಪ್ಪತ್ತನೆಯ ತಾರೀಖು ಎರಡೂ ನಂಬರು ಮುಚ್ಚುತ್ತಾರೆ. ಫೋನುಗಳನ್ನು ವಾಪಸು ಕೊಡಬೇಕು, ನಿನ್ನದನ್ನು ಅವರೇ ಬಂದು ಒಯ್ಯುತ್ತಾರೆ.

ಹೋದ ಕಾಗದದಲ್ಲಿ ಬಾಯಿಗೆ ಬಂದದ್ದು ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪರೀಕ್ಷೆ ಮುಗಿದ ಮೇಲೆ ಕರಾರಿಲ್ಲದ ಬೇರೆ ಕಂಪನಿಯ ಫೋನು ತರುತ್ತೇನೆ. ಆಗ ಟಕ್ಕೂ ಇಲ್ಲ, ಗಿಕ್ಕೂ ಇಲ್ಲ, ನಿನ್ನ ದನಿಯೊಂದೇ. ಕಥೆ ನೆನಪಿದೆಯೇ ಎಂದು ಕೇಳಿದ್ದೆಯಲ್ಲ, ಯಾವುದೋ ಕೋಟಿನದು ತಾನೇ? ಗುಂಡಿ ಸಿಕ್ಕಿತೋ ಇಲ್ಲವೋ ನೆನಪಿಲ್ಲ. ನಾನು ಯಾವಾಗಲೂ ನಡುವೆಯೇ ನಿದ್ದೆ ಹೋಗುತ್ತಿದ್ದೆ.

ತಮ್ಮ

*

ಅಕ್ಟೋಬರ್ 22

ಗೊಣಗಪ್ಪನಿಗೆ,

ನೀನು ಗೆದ್ದದ್ದು ಸಂತೋಷ. ಇಪ್ಪತ್ತನೆಯ ತಾರೀಖು ಬೆಳಿಗ್ಗೆ ಅದೇ ಟೆಕ್ನಿಷಿಯನ್ ಬಂದು ಫೋನು ತೆಗೆದುಕೊಂಡು ಹೋದ. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ. ನಾನೇ ಕೈಯಿಂದ ಹೋಗು ಎಂದು ಸನ್ನೆ ಮಾಡಿದೆ.

ಭಾನುವಾರ ಹನ್ನೊಂದಾದರೆ ಮಷಿನ್ನಿನ ಹತ್ತಿರ ಹೋಗಿ ಕೂರುವ ಅಭ್ಯಾಸ ಬಿಡಬೇಕು. ಪರೀಕ್ಷೆಗೆ ಹಾಕಿಕೊಂಡು ಹೋಗಲು ಒಂದು ಅಂಗಿ ಹೊಲಿದು ಕಳಿಸಿದ್ದೇನೆ. ಮೂರನೆಯ ಗುಂಡಿಯ ಬಣ್ಣ ಬೇರೆ ಇದೆ, ಡಬ್ಬಿ ಕೈಜಾರಿ ಬಿತ್ತು, ಸರಿಯಾದದ್ದು ಸಿಗಲಿಲ್ಲ. ಹೊಟ್ಟೆ ತುಂಬ ತಿಂದು ಹೋಗು.

ಅಕ್ಕ

*

ನವೆಂಬರ್ 11

ತಮ್ಮ,

ಆರು ದಿನದ ಲೆಕ್ಕ ಹಾಕಿ ಇವತ್ತು ಅಂಚೆಗೆ ಕೊಡುತ್ತಿದ್ದೇನೆ. ಇದು ನಿನ್ನ ಕೈಗೆ ಬರುವಾಗ ನೀನು ಪರೀಕ್ಷೆ ಬರೆದು ಎರಡು ದಿನವಾಗಿರುತ್ತದೆ. ಜೊತೆಗೆ ಆಗಸ್ಟಿನಲ್ಲಿ ಬರೆದು ಇಟ್ಟುಕೊಂಡಿದ್ದ ಕಾಗದವಿದೆ. ಅದನ್ನು ಓದು, ಕೂತುಕೊಂಡು ಓದು.

ಗಡ್ಡೆ ಮತ್ತೆ ಬಂದಿದೆಯಂತೆ, ಈ ಸಲ ಎದೆಯಲ್ಲಿ. ನಾಳೆ ಆಸ್ಪತ್ರೆಗೆ ಸೇರುತ್ತೇನೆ. ಟೆಕ್ನಿಷಿಯನ್ನಿಗೆ ನಾನೇ ಸ್ಲೇಟಿನಲ್ಲಿ ಬರೆದು ಬೇಡಿಕೊಂಡಿದ್ದೆ, ತಮ್ಮನಿಗೆ ತಿಳಿಯಬಾರದು ಎಂದು. ಅದಕ್ಕೇ ಅವನು ಹಾಗೆ ಬರೆದ.

ಈಗ ಬಾ. ಬರುವಾಗ ಒಂದು ಕಥೆ ತಾ.

ಅಕ್ಕ

*

ಡಿಸೆಂಬರ್ 28

ದೂರು ವಿಭಾಗದ ಅಧಿಕಾರಿಗಳಿಗೆ,

ವಿಷಯ: ದೂರು ಹಿಂಪಡೆಯುವ ಬಗ್ಗೆ, ಹಾಗೂ ಸಾಕ್ಷಿಯಾಗಿ ಕೊಟ್ಟ ರೆಕಾರ್ಡಿಂಗ್ ವಾಪಸು ಕೋರಿ.

ಮಾನ್ಯರೇ,

ನಾನು ಜೂನ್ ತಿಂಗಳಿನಿಂದ ನಿಮಗೆ ಹದಿಮೂರು ದೂರು ಕೊಟ್ಟವನು. ನೀವು ನನ್ನನ್ನು ಮರೆತಿರಲಾರಿರಿ. ಈ ಹದಿಮೂರನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಅಕ್ಕನ ಮನೆಗೆ ಹೋಗಿದ್ದ ನಿಮ್ಮ ಟೆಕ್ನಿಷಿಯನ್ ಸುಳ್ಳು ವರದಿ ಕೊಟ್ಟರೆಂದು ಬರೆದದ್ದನ್ನೂ ಹಿಂಪಡೆಯುತ್ತೇನೆ. ಅವರು ನನ್ನ ಅಕ್ಕನಿಗೆ ಕೊಟ್ಟ ಮಾತು ಉಳಿಸಿಕೊಂಡರು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಲೈನಿನಲ್ಲಿ ದೋಷ ಇರಲಿಲ್ಲ. ಜೂನಿನಲ್ಲಿ ನಾನು ಒಡಕು ದನಿಯೆಂದು ಬರೆದದ್ದು ಅಕ್ಕನ ಕಾಯಿಲೆ. ಆಮೇಲೆ ಅವಳಿಗೆ ಮಾತೇ ಇರಲಿಲ್ಲ. ನಾನು ಮಾತಾಡಿದ್ದನ್ನೆಲ್ಲ ಅವಳು ಕೇಳಿಸಿಕೊಳ್ಳುತ್ತಿದ್ದಳು, ನಾನು ನಿಲ್ಲಿಸಿದ ಕಡೆಯೆಲ್ಲ ಕತ್ತರಿಯ ಹಿಡಿಯಿಂದ ತಟ್ಟಿ ಹೂಂಗುಟ್ಟುತ್ತಿದ್ದಳು. ಈ ತಟ್ಟುವ ಹೂಂ ನಾನೇ ಚಿಕ್ಕವನಾಗಿದ್ದಾಗ ಅವಳ ಮುಂದೆ ಮಾಡುತ್ತಿದ್ದದ್ದು. ಜಗತ್ತಿನಲ್ಲಿ ಆ ಶಬ್ದದ ಅರ್ಥ ತಿಳಿಯಬೇಕಾಗಿದ್ದವನು ನಾನೊಬ್ಬನೇ. ನಾನು ಅದರ ಮೇಲೆ ದೂರು ಕೊಟ್ಟೆ, ನೀವು ನನ್ನ ಮಾತು ನಂಬಿ ಲೈನು ಮುಚ್ಚಿದಿರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ಪರೀಕ್ಷೆ ಬರೆದು ನವೆಂಬರ್ ಹತ್ತೊಂಬತ್ತಕ್ಕೆ ನಾನು ಅವಳ ಬಳಿಗೆ ಹೋದೆ. ಹದಿನೇಳು ದಿನ ಸಿಕ್ಕಿತು. ಅವಳು ಮಂಚದ ಕಂಬಿಗೆ ಚಮಚದಿಂದ ತಟ್ಟುತ್ತಿದ್ದಳು. ಒಂದು ಸಲ ಸ್ಲೇಟಿನಲ್ಲಿ, "ಈಗ ಕೇಳಿಸುತ್ತಾ?" ಎಂದು ಬರೆದು ತೋರಿಸಿ ನಕ್ಕಳು. ನಾನು ನಗಲಿಲ್ಲ, ಅವಳ ಕೈ ಹಿಡಿದುಕೊಂಡು ಅತ್ತೆ. ದಿನಾ ಮಧ್ಯಾಹ್ನ ಗುಂಡಿ ಕಳೆದುಕೊಂಡ ಕೋಟಿನ ಕಥೆ ಹೇಳುತ್ತಿದ್ದೆ. ಕೊನೆ ನನಗೆ ಗೊತ್ತಿರಲಿಲ್ಲ, ಬರೆದು ತೋರಿಸು ಅಂದರೆ ನೀನೇ ಹುಡುಕು ಎಂದು ತಲೆಯಾಡಿಸುತ್ತಿದ್ದಳು. ಡಿಸೆಂಬರ್ ಆರರ ಮಧ್ಯಾಹ್ನ ಕೋಟು ಕಾಗೆಯನ್ನು ಕೇಳಿತು, ಟಕ್ ಅಂದಳು. ದರ್ಜಿಯ ಮನೆಗೆ ಹೋಯಿತು, ಟಕ್ ಅಂದಳು. ಬಾವಿಯ ಹತ್ತಿರ ಹೋಗಿ ಒಳಗೆ ಬಗ್ಗಿ ನೋಡಿತು. ನಾನು ಕಾದೆ. ಹೂಂ ನಿಂತ ಮೇಲೆ ಕಥೆ ಹೇಳಬಾರದು ಎಂದು ಅವಳೇ ಕಲಿಸಿದ್ದಳು, ಅದಕ್ಕೆ ಅಲ್ಲಿಗೇ ನಿಲ್ಲಿಸಿದೆ.

ಈಗ ನನ್ನ ಕೋರಿಕೆ. ಸೆಪ್ಟೆಂಬರಿನಲ್ಲಿ ನಾನು ಸಾಕ್ಷಿಯೆಂದು ಒಂದು ರೆಕಾರ್ಡಿಂಗ್ ಕಳಿಸಿದ್ದೆ, ಸಣ್ಣ ಕಾರ್ಡಿನಲ್ಲಿ, ಹಳದಿ ಲಕೋಟೆ. ಮೂಲ ಪ್ರತಿ ನನ್ನ ಫೋನಿನಲ್ಲಿತ್ತು, ಅದನ್ನು ಕರಾರಿನಂತೆ ಅಕ್ಟೋಬರ್ ಇಪ್ಪತ್ತರಂದು ನಿಮಗೆ ಒಪ್ಪಿಸಿಬಿಟ್ಟೆ. ನನ್ನ ಬಳಿ ಬೇರೆ ಪ್ರತಿ ಇಲ್ಲ. ನಿಮಗೆ ಅದರಿಂದ ಇನ್ನು ಉಪಯೋಗವಿಲ್ಲ. ದಯವಿಟ್ಟು ಹುಡುಕಿಸಿ ಕಳಿಸಿಕೊಡಿ. ಬೇಕಾದರೆ ಕರಾರಿಗೆ ಮತ್ತೆ ಸಹಿ ಹಾಕುತ್ತೇನೆ, ಎಷ್ಟು ವರ್ಷಕ್ಕಾದರೂ ಸರಿ.

ಗುರುತು ಹಿಡಿಯುವುದು ಸುಲಭ. ನಾಲ್ಕು ನಿಮಿಷದ್ದು. ಲಿಫ್ಟಿನಲ್ಲಿ ಸಿಕ್ಕಿಕೊಂಡ ಮುದುಕಿಯೊಬ್ಬಳ ಬಗ್ಗೆ ಒಬ್ಬ ಗಂಡಸು ಮಾತಾಡುತ್ತಾನೆ. ನನ್ನ ಅಕ್ಕ ಹೂಂ ಅನ್ನುತ್ತಾಳೆ, ಮೂವತ್ತೊಂದು ಸಲ. ನಾನು ಮೂರು ಸಲ ಎಣಿಸಿದ್ದೇನೆ.

ಇಂತಿ,
ಐದನೆಯ ಮಹಡಿಯ ಕಿಟಕಿಯಿಂದ ಮಾತಾಡುತ್ತಿದ್ದವನು